ಬಿಸಿಲಿನ ಅಂಗಳಕ್ಕೆ ಅಲಂಕಾರದ ಒರೆಗಾನೊ: ಕಾರವಾರ, ಶಿರಸಿ ಕಡೆ ಬೆಳೆಸುವ ಕ್ರಮ

ಸ್ವಾತಿ ಮಳೆ ಹಿಂದೆ ಸರಿದ ಮೇಲೆ ಕರಾವಳಿಯ ಅಂಗಳ ಒಣಗತೊಡಗುತ್ತದೆ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಮಳೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಚಿರೆಕಲ್ಲಿನ ಪಾಗಾರದ ಬುಡ, ಬಾವಿಕಟ್ಟೆಯ ಆಚೆಯ ಗರಸು ನೆಲ, ಟೆರೇಸಿನ ಅಂಚು, ಇಂಥ ಕಡೆ ಗುಲಾಬಿ ಬಾಡುತ್ತದೆ, ಹುಲ್ಲುಹಾಸು ಸುಟ್ಟುಹೋಗುತ್ತದೆ. ಅಲಂಕಾರದ ಒರೆಗಾನೊಗೆ ಬೇಕಾದದ್ದು ಇಂಥದೇ ಜಾಗ. ತೊಂದರೆ ಇರುವುದು ಮಳೆಗಾಲದ ನಾಲ್ಕು ತಿಂಗಳಲ್ಲಿ. ಕಾರವಾರಕ್ಕೆ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ.

ಈ ಗಿಡಗಳ ತವರು ಗ್ರೀಸ್, ಟರ್ಕಿ, ಸೈಪ್ರಸ್ ಸುತ್ತಿನ ಸುಣ್ಣಕಲ್ಲಿನ ಗುಡ್ಡಗಳು. ಅಲ್ಲಿಯೂ ಮಳೆ ಬರುತ್ತದೆ, ಆದರೆ ಚಳಿಗಾಲದಲ್ಲಿ. ನೆಲ ತಣ್ಣಗಿರುವಾಗ ಬೇರು ಕೊಳೆಸುವ ಶಿಲೀಂಧ್ರಗಳೂ ಮಂಕಾಗಿರುತ್ತವೆ. ನಮ್ಮಲ್ಲಿ ಸೆಖೆ ಮತ್ತು ಮಳೆ ಒಟ್ಟಿಗೇ ಬರುತ್ತವೆ. 26-28 ಡಿಗ್ರಿ ಬೆಚ್ಚಗಿನ ಮಣ್ಣು ವಾರಗಟ್ಟಲೆ ನೆನೆದೇ ಇದ್ದರೆ ಒರೆಗಾನೊ ಬೇರು ತಡೆಯುವುದಿಲ್ಲ. ಹಾಗಾಗಿ ನವೆಂಬರಿನಲ್ಲಿ ಕುಂಡ ತುಂಬುವಾಗಲೇ ಜೂನ್ ತಿಂಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿರಬೇಕು. ಜಾಗ, ಮಣ್ಣು, ಕುಂಡದ ಗಾತ್ರ, ಎಲ್ಲವೂ ಅದರ ಮೇಲೆಯೇ ನಿಂತಿದೆ.

ಯಾವ ಗಿಡ ತರಬೇಕು

ಪಿಜ್ಜಾಕ್ಕೆ ಉದುರಿಸುವ ಒರೆಗಾನೊ ಎಲೆಗಾಗಿ ಬೆಳೆಯುವಂಥದು. ಅಲಂಕಾರದ ಜಾತಿಗಳಲ್ಲಿ ಅಂದ ಇರುವುದು ಹೂಪತ್ರಗಳಲ್ಲಿ. ಬೋಗನ್‌ವಿಲ್ಲಾದಲ್ಲಿ ನಾವು ಹೂವೆಂದು ನೋಡುವುದು ಬಣ್ಣ ಬಂದ ಎಲೆಯನ್ನೇ ತಾನೆ, ಇಲ್ಲಿಯೂ ಹಾಗೆಯೇ. ತಿಳಿಹಸಿರು, ಗುಲಾಬಿ, ನೇರಳೆ ಛಾಯೆಯ ತೆಳು ಹೂಪತ್ರಗಳು ಒಂದರ ಮೇಲೊಂದು ಹೊದ್ದುಕೊಂಡು ಕೆಳಮುಖವಾಗಿ ಜೋತುಬೀಳುತ್ತವೆ. ನಿಜವಾದ ಹೂವು ಅವುಗಳ ಸಂದಿಯಿಂದ ಇಣುಕುವ ಸಣ್ಣ ಗುಲಾಬಿ ಚುಕ್ಕೆ ಮಾತ್ರ.

ಹೆಸರಾದ ತಳಿ ‘ಕೆಂಟ್ ಬ್ಯೂಟಿ’. ಒರಿಗಾನಮ್ ರೊಟುಂಡಿಫೋಲಿಯಮ್ ಮತ್ತು ಒರಿಗಾನಮ್ ಸ್ಕೇಬ್ರಮ್ ಸೇರಿ ಆದ ಮಿಶ್ರತಳಿ ಇದು. 15-20 ಸೆಂಟಿಮೀಟರ್ ಎತ್ತರ ಬೆಳೆದು ಸುತ್ತ ಹರಡಿ ಇಳಿಬೀಳುತ್ತದೆ. ಇದನ್ನು ಕಡ್ಡಿಯಿಂದ ಮಾತ್ರ ಮಾಡಬೇಕು, ಬೀಜ ಹಾಕಿದರೆ ಅದೇ ಗಿಡ ಬರುವುದಿಲ್ಲ. ‘ಕೆಂಟ್ ಬ್ಯೂಟಿ ಬೀಜ’ ಎಂದು ಮಾರುವ ಪೊಟ್ಟಣಕ್ಕೆ ದುಡ್ಡು ಕೊಡಬೇಡಿ. ಒರಿಗಾನಮ್ ಡಿಕ್ಟಾಮ್ನಸ್ ಕ್ರೀಟ್ ದ್ವೀಪದ ಕಲ್ಲುಬಂಡೆಗಳಲ್ಲಿ ಮಾತ್ರ ಹುಟ್ಟುವ ಗಿಡ. ಅದರ ಎಲೆಯ ಮೇಲೆ ದಟ್ಟ ಬಿಳಿ ತುಪ್ಪಳ ಇರುತ್ತದೆ, ಹೂ ಇಲ್ಲದಾಗಲೂ ನೋಡಲು ಚೆಂದ. ಆದರೆ ಆ ತುಪ್ಪಳವೇ ನೀರು ಹಿಡಿದಿಟ್ಟುಕೊಳ್ಳುವುದರಿಂದ ಕರಾವಳಿಯಲ್ಲಿ ಎಲ್ಲಕ್ಕಿಂತ ನಾಜೂಕು ಇದೇ. ಒರಿಗಾನಮ್ ಲೇವಿಗೇಟಮ್ ಮತ್ತು ಅದರ ‘ಹೆರೆನ್‌ಹೌಸೆನ್’ ತಳಿ ನೆಟ್ಟಗೆ 45-60 ಸೆಂಟಿಮೀಟರ್ ಬೆಳೆಯುತ್ತವೆ, ನೇರಳೆ ಹೂಗೊಂಚಲು ಬಿಡುತ್ತವೆ. ಮೂರರಲ್ಲಿ ಹೆಚ್ಚು ತಾಳಿಕೆಯದು ಇದು.

ಈ ಕುಲದಲ್ಲಿ ನಮಗೆ ಮೊದಲಿನಿಂದ ಗೊತ್ತಿರುವ ಗಿಡವೂ ಒಂದಿದೆ. ಮಲ್ಲಿಗೆ, ಅಬ್ಬಲಿಗೆ ದಂಡೆಯ ನಡುವೆ ಪರಿಮಳಕ್ಕೆಂದು ಕಟ್ಟುವ ಮರುಗ ಒರಿಗಾನಮ್ ಮೇಜೊರಾನಾ. ಹೊಸಬರು ಮೊದಲ ವರ್ಷ ಮರುಗವನ್ನೇ ಬೆಳೆಸಿ ನೋಡುವುದು ಒಳ್ಳೆಯದು. ಬೇಕಾದ ಮಣ್ಣು, ನೀರಿನ ಹದ, ಕತ್ತರಿಸುವ ಕ್ರಮ ಎಲ್ಲವೂ ಒಂದೇ. ಮರುಗ ಒಂದು ಮಳೆಗಾಲ ದಾಟಿತು ಎಂದರೆ ನಿಮ್ಮ ಜಾಗದಲ್ಲಿ ಉಳಿದವೂ ದಾಟುವ ಸಾಧ್ಯತೆ ಇದೆ.

ನರ್ಸರಿಯಲ್ಲಿ ಒರೆಗಾನೊ ಕೇಳಿದರೆ ದೊಡ್ಡಪತ್ರೆ ಕೊಡುವುದುಂಟು. ದಪ್ಪ, ರಸಭರಿತ, ಮುರಿದರೆ ಟಪ್ಪನೆ ತುಂಡಾಗುವ ಎಲೆ ಇದ್ದರೆ ಅದು ದೊಡ್ಡಪತ್ರೆ, ಬೇರೆಯೇ ಕುಲ. ವಿದೇಶದಿಂದ ಬರುವವರ ಚೀಲದಲ್ಲಿ ಕಡ್ಡಿ ತರಿಸುವ ಯೋಚನೆ ಮಾತ್ರ ಮಾಡಬೇಡಿ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕಾಗುತ್ತವೆ.

ಹೂವಿನ ಬಗ್ಗೆ ಮೊದಲೇ ಒಂದು ಮಾತು ತಿಳಿದಿರಲಿ. ಇವು ದೀರ್ಘ ಹಗಲಿನ ಬೇಸಿಗೆಯಲ್ಲಿ ಹೂ ಬಿಡುವ ಗಿಡಗಳು. ಕ್ರೀಟ್‌ನಲ್ಲಿ ಜೂನ್ ತಿಂಗಳ ಹಗಲು ಸುಮಾರು ಹದಿನಾಲ್ಕೂವರೆ ಗಂಟೆ, ಕಾರವಾರದಲ್ಲಿ ಅತಿ ದೊಡ್ಡ ಹಗಲೂ 13 ಗಂಟೆ ಆಸುಪಾಸು. ಆದ್ದರಿಂದ ಚಿತ್ರದಲ್ಲಿ ಕಂಡಷ್ಟು ಗೊಂಚಲು ಇಲ್ಲಿ ನಿರೀಕ್ಷಿಸಬೇಡಿ. ಎಲೆ, ಇಳಿಬೀಳುವ ಭಂಗಿ, ಪರಿಮಳ ಇವಿಷ್ಟು ಇಷ್ಟವಾದರೆ ಗಿಡ ತನ್ನಿ. ಹೂಪತ್ರ ಬಂದದ್ದು ಹೆಚ್ಚಿನ ಲಾಭ.

ಜಾಗ

ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೇಕು. ನವೆಂಬರಿನಿಂದ ಫೆಬ್ರವರಿವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಮನೆಯ ಉತ್ತರದ ಗೋಡೆಬದಿಗೆ ಬಿಸಿಲೇ ಬೀಳುವುದಿಲ್ಲ. ಕುಂಡಗಳು ದಕ್ಷಿಣ ಅಥವಾ ಪೂರ್ವದ ಕಡೆ ಇರಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಚಳಿಗಾಲದ ಬೆಳಗ್ಗೆ ಇಬ್ಬನಿ ದಟ್ಟವಾಗಿ ಬೀಳುತ್ತದೆ. ಅಲ್ಲಿ ಪೂರ್ವದ ಬಿಸಿಲೇ ಮುಖ್ಯ, ಒಂಬತ್ತು ಗಂಟೆಯೊಳಗೆ ಎಲೆ ಒಣಗಬೇಕು. ಅಡಿಕೆ ತೋಟದ ನೆರಳು ಇದಕ್ಕೆ ಆಗದು. ತೆಂಗಿನ ಮರದ ಚದುರಿದ ನೆರಳು ನಡೆಯುತ್ತದೆ, ಆದರೆ ಮಡಲಿನ ತುದಿಯಿಂದ ನೀರು ತೊಟ್ಟಿಕ್ಕುವ ಸಾಲಿನಲ್ಲಿ ಇಡಬೇಡಿ.

ಸಮುದ್ರಕ್ಕೆ ತೀರ ಹತ್ತಿರದ ಮನೆಗಳಲ್ಲಿ ಉಪ್ಪುಗಾಳಿ ನೇರ ತಾಗದ ಹಾಗೆ ಪಾಗಾರದ ಒಳಮಗ್ಗುಲಲ್ಲಿ ಇಡಿ. ಪಶ್ಚಿಮದ ಚಿರೆಕಲ್ಲು ಗೋಡೆ ಏಪ್ರಿಲ್‌ನಲ್ಲಿ ಸಂಜೆಯ ತನಕ ಕಾವು ಉಗುಳುತ್ತದೆ. ಡಿಕ್ಟಾಮ್ನಸ್ ಮತ್ತು ಕೆಂಟ್ ಬ್ಯೂಟಿಯನ್ನು ಆ ದಿನಗಳಲ್ಲಿ ಗೋಡೆಯಿಂದ ಒಂದು ಮಾರು ದೂರ ಸರಿಸಿದರೆ ಸಾಕು.

ಮಣ್ಣು

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ. ನಮ್ಮ ಕೆಂಪುಮಣ್ಣು ಚಿರೆಕಲ್ಲು ಕರಗಿ ಆದದ್ದು, ಹುಳಿಗುಣದ್ದು. ನಿಮ್ಮ ತೋಟದ ಮಣ್ಣು ಆರೋಗ್ಯ ಚೀಟಿ ಇದ್ದರೆ ಪಿಎಚ್ ಸಾಲು ನೋಡಿ (ಅಂಕಿ ಕಡಿಮೆಯಾದಷ್ಟೂ ಮಣ್ಣಿನ ಹುಳಿ ಹೆಚ್ಚು), ಹೆಚ್ಚಿನ ಕಡೆ 6ಕ್ಕಿಂತ ಕೆಳಗೇ ಇರುತ್ತದೆ. ಒರೆಗಾನೊಗೆ 6.5ರಿಂದ 8 ಹಿತ. ಮಣ್ಣಿಗೆ ಸುಣ್ಣದ ಅಂಶವೂ ಬೇಕು, ನೀರು ಇಳಿದುಹೋಗುವ ಸಡಿಲವೂ ಬೇಕು.

ಕುಂಡದ ಮಿಶ್ರಣ ಹೀಗಿರಲಿ: ದಪ್ಪ ಮರಳು ಎರಡು ಪಾಲು, 6 ಮಿಲಿಮೀಟರಿನ ಜಲ್ಲಿಚೂರು ಒಂದು ಪಾಲು, ಜರಡಿ ಹಿಡಿದ ಕೆಂಪುಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಅಥವಾ ಎರೆಗೊಬ್ಬರ ಅರ್ಧ ಪಾಲು. 10 ಇಂಚಿನ ಒಂದು ಕುಂಡಕ್ಕೆ ಒಂದು ಹಿಡಿ ಚಿಪ್ಪಿನ ಪುಡಿ. ಚಿಪ್ಪಿಕಲ್ಲಿನ ಖಾಲಿ ಚಿಪ್ಪು ಕುಮಟಾ, ಅಂಕೋಲೆ ಕಡೆ ಅಡುಗೆಮನೆಯಲ್ಲೇ ಸಿಗುತ್ತದೆ. ಒಂದು ವಾರ ಸಿಹಿನೀರಿನಲ್ಲಿ, ದಿನಾ ನೀರು ಬದಲಿಸುತ್ತ ನೆನೆಹಾಕಿ ಉಪ್ಪು ಬಿಡಿಸಿ, ಒಣಗಿಸಿ, ರಾಗಿಕಾಳಿನಷ್ಟು ಸಣ್ಣದಾಗುವ ತನಕ ಕುಟ್ಟಿ. ಅದು ನಿಧಾನವಾಗಿ ಕರಗಿ ವರ್ಷವಿಡೀ ಸುಣ್ಣ ಬಿಡುತ್ತದೆ. ಎಲೆಯಡಿಕೆಗೆ ಹಚ್ಚುವ ಸುಣ್ಣ ಬಳಸುವುದಾದರೆ ಕುಂಡಕ್ಕೆ ಒಂದು ಚಹಾ ಚಮಚಕ್ಕಿಂತ ಹೆಚ್ಚು ಬೇಡ, ಅದೂ ನೆಡುವುದಕ್ಕೆ ಎರಡು ವಾರ ಮೊದಲೇ ಮಣ್ಣಿಗೆ ಬೆರೆಸಿ ತೇವ ಮಾಡಿಡಬೇಕು. ನೀರು ಹಾಕದ ಸುಟ್ಟ ಸುಣ್ಣ ಬೇರನ್ನೇ ಸುಡುತ್ತದೆ.

ಮರಳು ಕಡಲ ದಂಡೆಯದು ಬೇಡ. ಅಳಿವೆ ಹತ್ತಿರದ ಹೊಳೆ ಮರಳಿನಲ್ಲೂ ಉಪ್ಪಿರುತ್ತದೆ. ಕಟ್ಟಡದ ಕೆಲಸಕ್ಕೆ ಬರುವ ಎಂ-ಸ್ಯಾಂಡ್ ಆಗುತ್ತದೆ, ಆದರೆ ಅದರ ಹಿಟ್ಟಿನಂಥ ನುಸಿ ತೊಳೆದುಹೋಗಬೇಕು. ಬಕೆಟ್ಟಿಗೆ ಸುರಿದು ನೀರು ತಿಳಿಯಾಗುವವರೆಗೆ ನಾಲ್ಕೈದು ಸಲ ಕಲಕಿ ಚೆಲ್ಲಿ. ಈ ನುಸಿ ಉಳಿದರೆ ಮಣ್ಣು ಒಣಗಿದಾಗ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ.

ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್, ಬೇಡವೇ ಬೇಡ. ಉಳಿದ ಗಿಡಗಳಿಗೆ ಒಳ್ಳೆಯದಾದ ಅದರ ಗುಣವೇ ಇಲ್ಲಿ ಕೇಡು, ಮಳೆಗಾಲದ ಆರ್ದ್ರತೆಯಲ್ಲಿ ಅದು ತಿಂಗಳಾದರೂ ಒಣಗುವುದಿಲ್ಲ. ನರ್ಸರಿಯಿಂದ ಬಂದ ಸಸಿಯ ಬೇರುಂಡೆ ಸಾಮಾನ್ಯವಾಗಿ ಪೂರ್ತಿ ಕೊಕೊಪೀಟೇ ಆಗಿರುತ್ತದೆ. ಬೇರುಂಡೆಯನ್ನು ಬಕೆಟ್ ನೀರಿನಲ್ಲಿ ಅದ್ದಿ, ಬೆರಳಿನಿಂದ ಮೆಲ್ಲಗೆ ಸಡಿಲಿಸಿ, ಮುಕ್ಕಾಲು ಪಾಲು ಬಿಡಿಸಿಯೇ ನೆಡಿ. ಹೊರಗೆ ಒಣ ಮರಳು, ನಡುವೆ ಒದ್ದೆ ಉಂಡೆ ಎಂದಾದರೆ ಬೇರು ಆ ಉಂಡೆಯಲ್ಲೇ ಉಳಿದು ಕೊಳೆಯುತ್ತದೆ.

ಕುಂಡ ಮಣ್ಣಿನದೇ ಇರಲಿ, 8ರಿಂದ 10 ಇಂಚು ಬಾಯಿಯದು, ಆಳಕ್ಕಿಂತ ಅಗಲ ಜಾಸ್ತಿ. ಚಿಕ್ಕ ಗಿಡಕ್ಕೆ ದೊಡ್ಡ ಕುಂಡ ಕೊಟ್ಟರೆ ಬೇರು ತಲುಪದ ಮಣ್ಣು ಒದ್ದೆಯಾಗಿಯೇ ಕೂರುತ್ತದೆ. ತಳದಲ್ಲಿ ಹಂಚಿನ ಚೂರು, ಜಲ್ಲಿ ಪದರ ಹಾಕುವ ರೂಢಿ ಬಿಡಿ. ಮೇಲಿನ ಮಣ್ಣು ಪೂರ್ತಿ ನೆನೆದು ತುಂಬುವವರೆಗೆ ನೀರು ದಪ್ಪ ಜಲ್ಲಿಗೆ ಇಳಿಯುವುದೇ ಇಲ್ಲ. ಪದರ ಹಾಕಿದಷ್ಟೂ ಆ ಒದ್ದೆ ಭಾಗ ಬೇರಿನ ಹತ್ತಿರಕ್ಕೆ ಏರುತ್ತದೆ. ತೂತಿಗೆ ಸೊಳ್ಳೆಬಲೆಯ ತುಂಡು ಮುಚ್ಚಿ, ನೇರ ಮಿಶ್ರಣ ತುಂಬಿ. ಹಂಚಿನ ಚೂರನ್ನು ಕುಂಡದ ಹೊರಗೆ, ಅಡಿಗೆ ಕೊಡಿ: ಮೂರು ಕಡೆ ಎತ್ತರಿಸಿ ನೆಲದಿಂದ ಎರಡು ಬೆರಳು ಮೇಲಿದ್ದರೆ ನೀರು ಹರಿದುಹೋಗುತ್ತದೆ. ತುಂಬಿದ ಮೇಲೆ ಒಂದು ಲೀಟರ್ ನೀರು ಹೊಯ್ದು ಪರೀಕ್ಷಿಸಿ. ಮೇಲೆ ನಿಲ್ಲದೆ, ಹತ್ತಿಪ್ಪತ್ತು ಸೆಕೆಂಡಿನಲ್ಲಿ ತಳದಿಂದ ಧಾರೆ ಬರಬೇಕು. ಬರದಿದ್ದರೆ ಮರಳು ಸಾಲದು, ಇನ್ನೊಂದು ಪಾಲು ಸೇರಿಸಿ.

ನೆಲದಲ್ಲೇ ನೆಡುವ ಆಸೆಯಿದ್ದರೆ ಒಂದಡಿ ಗುಂಡಿ ತೋಡಿ ನೀರು ತುಂಬಿಸಿ, ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ. ಎರಡನೆಯ ಸಲದ ನೀರು ಒಂದು ಗಂಟೆಯೊಳಗೆ ಹೋಗಬೇಕು. ಹೋದರೂ ನೆಲಮಟ್ಟದಲ್ಲಿ ನೆಡದೆ, ಚಿರೆಕಲ್ಲನ್ನು ಸಿಮೆಂಟು ಹಾಕದೆ ಎರಡು ವರಸೆ ಜೋಡಿಸಿ ಕಟ್ಟೆ ಮಾಡಿ. ಒಳಗೆ ಮೇಲಿನದೇ ಮಿಶ್ರಣ, ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್. ಇಳಿಬೀಳುವ ತಳಿಗಳನ್ನು ಅಂಚಿಗೆ ನೆಟ್ಟರೆ ಕೆಂಪು ಕಲ್ಲಿನ ಮೇಲೆ ತಿಳಿ ಗುಲಾಬಿ ಗೊಂಚಲು ಎದ್ದು ಕಾಣುತ್ತದೆ. ಆದರೆ ಕಟ್ಟೆಯ ಗಿಡವನ್ನು ಮಳೆಗಾಲದಲ್ಲಿ ಎತ್ತಿಡಲಾಗದು. ಕರಾವಳಿಯಲ್ಲಿ ಕಟ್ಟೆಗೆ ಲೇವಿಗೇಟಮ್ ಮತ್ತು ಮರುಗ ಮಾತ್ರ ಹಾಕಿ, ಉಳಿದವು ಕುಂಡದಲ್ಲೇ ಇರಲಿ.

ನೆಡುವುದು, ನೀರು, ಗೊಬ್ಬರ

ಶಿರಸಿಯಲ್ಲಿ ಚಿತ್ತಾ ಮಳೆ ಮುಗಿದ ಮೇಲೆ, ಕಾರವಾರದಲ್ಲಿ ದೀಪಾವಳಿ ಕಳೆದು ಹವೆ ಒಣಗಿದ ಮೇಲೆ ನೆಡಿ. ಕಾಂಡದ ಬುಡ ಮಣ್ಣಿನ ಮಟ್ಟಕ್ಕಿಂತ ಒಂದು ಸೆಂಟಿಮೀಟರ್ ಮೇಲೇ ಇರಬೇಕು. ಬುಡದ ಸುತ್ತ ಎರಡು ಸೆಂಟಿಮೀಟರ್ ದಪ್ಪಕ್ಕೆ ಜಲ್ಲಿಚೂರು ಹರಡಿ. ಅದು ಎಲೆಗೆ ಮಣ್ಣು ಸಿಡಿಯದಂತೆ ತಡೆಯುತ್ತದೆ, ಬುಡವನ್ನು ಒಣಗಿಸಿಡುತ್ತದೆ. ದರಕು, ಅಡಿಕೆ ಸಿಪ್ಪೆ, ಹುಲ್ಲು ಯಾವುದನ್ನೂ ಬುಡಕ್ಕೆ ಹಾಕಬೇಡಿ.

ಮೊದಲ ಮೂರು ವಾರ ಎರಡು ದಿನಕ್ಕೊಮ್ಮೆ ನೀರು. ಆಮೇಲೆ ದಿನ ಎಣಿಸಿ ನೀರು ಹಾಕುವುದನ್ನು ನಿಲ್ಲಿಸಿ, ಒಂದು ಊದುಬತ್ತಿ ಕಡ್ಡಿಯನ್ನು ನಾಲ್ಕು ಬೆರಳು ಆಳಕ್ಕೆ ಚುಚ್ಚಿ ತೆಗೆದು ನೋಡಿ. ಕಡ್ಡಿಗೆ ಮಣ್ಣು ಅಂಟಿದರೆ ನೀರು ಬೇಡ. ಡಿಸೆಂಬರ್-ಜನವರಿಯಲ್ಲಿ ಕುಂಡಕ್ಕೆ ನಾಲ್ಕೈದು ದಿನಕ್ಕೊಮ್ಮೆ, ಏಪ್ರಿಲ್‌ನಲ್ಲಿ ಎರಡು ದಿನಕ್ಕೊಮ್ಮೆ ಬೇಕಾಗಬಹುದು. ಹಾಕುವಾಗ ತಳದಿಂದ ಇಳಿಯುವಷ್ಟು, ಬೆಳಗ್ಗೆ, ಬುಡಕ್ಕೆ ಮಾತ್ರ. ಸಂಜೆ ಎಲೆ ತೊಯ್ದರೆ ರಾತ್ರಿಯಿಡೀ ಒದ್ದೆಯಾಗಿರುತ್ತದೆ.

ಏಪ್ರಿಲ್, ಮೇ ಹೊತ್ತಿಗೆ ಕಡಲ ಬದಿಯ ಎಷ್ಟೋ ಬಾವಿಗಳ ನೀರು ಸವುಳಾಗುತ್ತದೆ. ನಾಲಿಗೆಗೆ ಉಪ್ಪು ತಿಳಿಯುವ ನೀರನ್ನು ಕುಂಡಕ್ಕೆ ಹಾಕಬೇಡಿ. ಕುಂಡದ ಹೊರಮೈಮೇಲೆ ಬಿಳಿ ಪದರ, ಎಲೆಯಂಚಿನಲ್ಲಿ ಕಂದು ಗೆರೆ ಕಂಡರೆ ಉಪ್ಪು ಕೂತಿದೆ ಎಂದೇ ಅರ್ಥ. ಆಗ ಸಿಹಿನೀರನ್ನು ಕುಂಡದ ಮೂರುಪಟ್ಟು ಅಳತೆಯಲ್ಲಿ ಒಂದೇ ಸಲ ಹೊಯ್ದು ತೊಳೆದುಬಿಡಿ, ಮುಂದಿನ ನೀರನ್ನು ಪೂರ್ತಿ ಒಣಗಿದ ಮೇಲೆ ಹಾಕಿ.

ಗೊಬ್ಬರ ವರ್ಷಕ್ಕೊಮ್ಮೆ, ಅಕ್ಟೋಬರ್ ಕೊನೆಗೆ ಅರ್ಧ ಹಿಡಿ ಎರೆಗೊಬ್ಬರ. ಅಷ್ಟೇ. ಜೀವಾಮೃತ, ಕಡಲೆಹಿಂಡಿ ನೀರು ಎಂದು ವಾರವಾರ ಉಪಚಾರ ಮಾಡಿದರೆ ಗಿಡ ಉದ್ದುದ್ದ ಮೆತ್ತಗೆ ಬೆಳೆದು ಮಗುಚುತ್ತದೆ, ಹೂಪತ್ರಕ್ಕೆ ಬಣ್ಣ ಏರುವುದಿಲ್ಲ, ಮಳೆಗಾಲದಲ್ಲಿ ಮೊದಲು ಕೊಳೆಯುವುದೂ ಅದೇ ಗಿಡ. ಹೊಸ ಗಿಡದ ತುದಿಗಳನ್ನು ಡಿಸೆಂಬರಿನಲ್ಲಿ ಒಮ್ಮೆ, ಜನವರಿ ಕೊನೆಗೆ ಒಮ್ಮೆ ಚಿವುಟಿ. ಕವಲು ಹೆಚ್ಚಿ ದುಂಡಗಾಗುತ್ತದೆ. ಫೆಬ್ರವರಿಯ ನಂತರ ಚಿವುಟಿದರೆ ಮೊಗ್ಗೇ ಹೋಗುತ್ತದೆ. ಹೂ ಬಿಟ್ಟಾಗ ತುಡುವೆ ಜೇನು, ಮಿಸರಿ ಜೇನು ಹುಡುಕಿಕೊಂಡು ಬರುತ್ತವೆ, ಆ ದಿನಗಳಲ್ಲಿ ಯಾವ ಸಿಂಪರಣೆಯೂ ಬೇಡ.

ಮಳೆಗಾಲ ದಾಟಿಸುವುದು

ಮೇ ಎರಡನೆಯ ವಾರ, ಕೃತ್ತಿಕಾ ಮಳೆ ಹುಟ್ಟುವ ಹೊತ್ತಿಗೆ ಕೆಲಸ ಶುರುವಾಗಬೇಕು. ಮೊದಲು ಗಿಡವನ್ನು ಮೂರನೇ ಒಂದು ಭಾಗ ಕತ್ತರಿಸಿ. ಪ್ರತಿ ಕಾಂಡದಲ್ಲೂ ಹಸಿರೆಲೆ ಉಳಿದಿರಬೇಕು, ಎಲೆಯಿಲ್ಲದ ಹಳೆಯ ಕಟ್ಟಿಗೆಯವರೆಗೆ ಕತ್ತರಿಸಿದರೆ ಅದು ಮತ್ತೆ ಚಿಗುರುವುದು ಕಷ್ಟ. ಒಣಗಿದ ಗೊಂಚಲು, ಬುಡದ ಹಳದಿ ಎಲೆ, ಒಳಗೆ ಸಿಕ್ಕಿಕೊಂಡ ಕಡ್ಡಿ ಎಲ್ಲವನ್ನೂ ಬಿಡಿಸಿ ತೆಗೆಯಿರಿ. ಗಿಡದ ನಡುವಿನಿಂದ ಗಾಳಿ ದಾಟಬೇಕು.

ಆಮೇಲೆ ಸೂರಿನಡಿಗೆ ಸಾಗಿಸಿ. ಬರಿಯ ಮಾಡಿನ ಅಂಚು ಸಾಲದು, ಆರಿದ್ರಾ ಮಳೆಯ ಇರಚಲು ಜಗುಲಿಯ ನಡುವಿನ ತನಕ ಬರುತ್ತದೆ. ಜಗುಲಿಗೆ ಮಳೆ ಬೀಳುವ ದಿಕ್ಕಿಗೆ ಮಡಲಿನ ತಟ್ಟಿ ಕಟ್ಟಿ, ಇನ್ನೊಂದು ಬದಿ ತೆರೆದಿರಲಿ. ಎಲ್ಲಕ್ಕಿಂತ ಅನುಕೂಲ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿದ, ಬದಿ ತೆರೆದ ಚಪ್ಪರ. ಶಿರಸಿ ಕಡೆ ಅಡಿಕೆ ಒಣಗಿಸಲು ಕಟ್ಟಿಕೊಂಡ ಪ್ಲಾಸ್ಟಿಕ್ ಮನೆ ಜೂನ್‌ನಿಂದ ಆಗಸ್ಟ್ ತನಕ ಖಾಲಿ ಇರುತ್ತದೆ. ಅದರ ಎರಡೂ ಬದಿಯ ಹಾಳೆ ಎತ್ತಿ ಕಟ್ಟಿ, ಕುಂಡಗಳನ್ನು ನೆಲದ ಮೇಲಿಡದೆ ಹಲಗೆಯ ಮೇಲೆ, ಒಂದಕ್ಕೊಂದು ಗೇಣು ಅಂತರದಲ್ಲಿ ಇಡಿ. ಮನೆಯೊಳಗಿನ ಕೋಣೆ ಬೇಡ, ಅಲ್ಲಿ ಬೆಳಕೂ ಇಲ್ಲ, ಗಾಳಿಯೂ ಇಲ್ಲ.

ಈ ಕಾಲದಲ್ಲಿ ನೀರು ಎಂದರೆ ಹತ್ತು ಹದಿನೈದು ದಿನಕ್ಕೊಮ್ಮೆ ಅರ್ಧ ಲೋಟ, ಅದೂ ಕುಂಡ ಎತ್ತಿ ನೋಡಿದಾಗ ಹಗುರ ಅನ್ನಿಸಿದರೆ ಮಾತ್ರ. ವಾರಕ್ಕೊಮ್ಮೆ ಪ್ರತಿ ಗಿಡವನ್ನೂ ಕೈಯಿಂದ ಬಿಡಿಸಿ ನೋಡಿ. ಬೂದು ಬಣ್ಣದ ಬೂಷ್ಟು ಮೊದಲು ಕಾಣಿಸುವುದು ಬುಡದ ಸತ್ತ ಎಲೆಯ ಮೇಲೆ, ಅಲ್ಲಿಂದ ಹಸಿರು ಕಾಂಡಕ್ಕೆ ಹತ್ತುತ್ತದೆ. ಆ ಕಾಂಡವನ್ನು ಎರಡು ಬೆರಳು ಕೆಳಗಿನ ಗಟ್ಟಿ ಭಾಗದಿಂದಲೇ ಕತ್ತರಿಸಿ, ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿ ಮುಂದಿನ ಗಿಡಕ್ಕೆ ಹೋಗಿ. ಕತ್ತರಿಸಿದ್ದನ್ನು ಗೊಬ್ಬರಗುಂಡಿಗೆ ಹಾಕದೆ ದೂರ ಎಸೆಯಿರಿ. ಡಿಕ್ಟಾಮ್ನಸ್‌ಗೆ ಸತತ ಜಡಿಮಳೆಯ ದಿನಗಳಲ್ಲಿ ಟೇಬಲ್ ಫ್ಯಾನ್ ಗಾಳಿಯನ್ನು ದಿನಕ್ಕೆ ಒಂದೆರಡು ಗಂಟೆ ಕೊಟ್ಟರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಆಗಸ್ಟ್‌ನಲ್ಲಿ ನಾಲ್ಕು ದಿನ ಬಿಸಿಲು ಬಿದ್ದಿತೆಂದು ಹೊರಗಿಡುವ ಆತುರ ಬೇಡ. ಹಸ್ತಾ ಮಳೆ ಕಳೆಯಲಿ. ಹೊರಗೆ ತಂದ ಮೇಲೂ ಮೊದಲ ವಾರ ಬೆಳಗಿನ ಬಿಸಿಲು ಮಾತ್ರ, ಆಮೇಲೆ ಪೂರ್ತಿ. ನೆರಳಲ್ಲಿ ಮೆತ್ತಗಾದ ಎಲೆ ಅಕ್ಟೋಬರ್ ಬಿಸಿಲಿಗೆ ನೇರ ಸಿಕ್ಕರೆ ಸುಡುತ್ತದೆ.

ಕಡ್ಡಿ ಮತ್ತು ಬೀಜ

ಎಷ್ಟೇ ಜಾಗ್ರತೆ ಮಾಡಿದರೂ ಕೆಲವು ಗಿಡ ಹೋಗುತ್ತವೆ. ಅದಕ್ಕೇ ಪ್ರತಿ ವರ್ಷ ನವೆಂಬರ್‌ನಿಂದ ಜನವರಿಯೊಳಗೆ ಪ್ರತಿ ತಳಿಯಿಂದ ನಾಲ್ಕೈದು ಕಡ್ಡಿ ಇಟ್ಟುಕೊಳ್ಳಿ, ಒಂದೆರಡನ್ನು ಘಟ್ಟದ ಮೇಲಿನ ನೆಂಟರ ಮನೆಯಲ್ಲಿಡಿ. ಹೂಮೊಗ್ಗಿಲ್ಲದ ತುದಿಯನ್ನು 5-7 ಸೆಂಟಿಮೀಟರ್ ಉದ್ದಕ್ಕೆ, ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ, ಕೆಳಗಿನ ಅರ್ಧದ ಎಲೆ ತೆಗೆದು, ತೊಳೆದ ದಪ್ಪ ಮರಳಿಗೆ ಚುಚ್ಚಿ. ಬೆಳಕಿನ ನೆರಳಲ್ಲಿಟ್ಟು ಮರಳು ಬರೀ ತೇವವಾಗಿರುವಷ್ಟೇ ನೀರು ಕೊಡಿ. ಪ್ಲಾಸ್ಟಿಕ್ ಚೀಲ ಮುಚ್ಚುವ ಅಭ್ಯಾಸ ಇಲ್ಲಿ ಬೇಡ, ತುಪ್ಪಳದ ಎಲೆ ಮೂರೇ ದಿನಕ್ಕೆ ಕಪ್ಪಾಗುತ್ತದೆ. ಮೂರು ನಾಲ್ಕು ವಾರಕ್ಕೆ ಬೇರು ಬರುತ್ತದೆ. ಮೆಲ್ಲಗೆ ಎಳೆದಾಗ ಹಿಡಿದುಕೊಂಡರೆ 3 ಇಂಚಿನ ಕುಂಡಕ್ಕೆ ಬದಲಿಸಿ.

ಮರುಗ ಮತ್ತು ಸಾಮಾನ್ಯ ಒರೆಗಾನೊವನ್ನು ಬೀಜದಿಂದ ಮಾಡಬಹುದು. ಬೀಜ ಹುಡಿಯಷ್ಟು ಸಣ್ಣದು, ಒಂದು ಚಿಟಿಕೆಗೆ ಎರಡು ಚಮಚ ಒಣ ಮರಳು ಬೆರೆಸಿ ಎರಚಿ. ಮೇಲೆ ಮಣ್ಣು ಮುಚ್ಚಬೇಡಿ, ಮೊಳಕೆಗೆ ಬೆಳಕು ಬೇಕು. ನೀರನ್ನು ಟ್ರೇಯ ಕೆಳಗಿನಿಂದ ಕೊಡಿ. ಒಂದೆರಡು ವಾರಕ್ಕೆ ಮೊಳಕೆ ಕಾಣುತ್ತದೆ.

ಕೆಡುಕಿನ ಗುರುತು

ಎಲೆ ಜೋತುಬಿದ್ದಿದೆ, ಮಣ್ಣು ಮಾತ್ರ ಒದ್ದೆ. ಇದು ಬೇರು ಕೊಳೆತ. ಬಾಯಾರಿಕೆಯೆಂದು ನೀರು ಹಾಕಿದರೆ ಅಲ್ಲಿಗೇ ಮುಗಿಯಿತು. ಕೂಡಲೇ ಕುಂಡದಿಂದ ತೆಗೆದು, ಕಪ್ಪಗೆ ಮೆತ್ತಗಾದ ಬೇರು ಕತ್ತರಿಸಿ, ಗೊಬ್ಬರವಿಲ್ಲದ ಬರೀ ಮರಳು-ಜಲ್ಲಿಗೆ ನೆಟ್ಟು ನೆರಳಲ್ಲಿಡಿ. ಜೊತೆಗೇ ಮೇಲಿನ ಗಟ್ಟಿ ತುದಿಗಳಿಂದ ಕಡ್ಡಿ ಮಾಡಿ, ತಾಯಿಗಿಡ ಉಳಿಯುವ ಭರವಸೆ ಕಡಿಮೆ.

ಮಾರ್ಚ್-ಏಪ್ರಿಲ್‌ನಲ್ಲಿ ಎಲೆ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ, ಅಡಿಯಲ್ಲಿ ಸಣ್ಣ ಬಲೆ ಕಂಡರೆ ಕೆಂಪು ನುಸಿ. ನಯವಾದ ಎಲೆಯ ತಳಿಗಳಾದರೆ ಬೆಳಗ್ಗೆ ಎಲೆಯ ಅಡಿಗೆ ಜೋರಾಗಿ ನೀರು ಚಿಮ್ಮಿಸಿ, ಮೂರು ದಿನ ಬಿಟ್ಟು ಮತ್ತೊಮ್ಮೆ. ಹೋಗದಿದ್ದರೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ನಾಲ್ಕು ಹನಿ ಸೋಪು ಬೆರೆಸಿ ಸಂಜೆ ಸಿಂಪಡಿಸಿ. ಡಿಕ್ಟಾಮ್ನಸ್‌ಗೆ ಎಣ್ಣೆ ತಾಗಿಸಬೇಡಿ, ನುಸಿ ಹತ್ತಿದ ರೆಂಬೆಯನ್ನೇ ಕತ್ತರಿಸಿ. ಗೆಣ್ಣಿನ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಇದ್ದು ಇರುವೆ ಓಡಾಡುತ್ತಿದ್ದರೆ ಹಿಟ್ಟು ತಿಗಣೆ. ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ, ಕುಂಡ ಅಲುಗಿಸಿ ಬೇರನ್ನೂ ನೋಡಿ, ಅಲ್ಲಿಯೂ ಕೂತಿರುತ್ತದೆ.

ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಎಂದಾದರೆ ಸುಣ್ಣ ಅತಿಯಾಗಿ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ. ಆ ವರ್ಷ ಸುಣ್ಣ, ಚಿಪ್ಪು ಎರಡೂ ನಿಲ್ಲಿಸಿ, ಮೇಲಿನ ಎರಡು ಬೆರಳು ಮಣ್ಣು ತೆಗೆದು ಬರಿಯ ಕೆಂಪುಮಣ್ಣು-ಮರಳು ತುಂಬಿ. ಹೂಪತ್ರ ಬಂದೂ ಹಸಿರಾಗಿಯೇ ಉಳಿದರೆ ಬಿಸಿಲು ಸಾಲದು ಅಥವಾ ಗೊಬ್ಬರ ಜಾಸ್ತಿ. ಶಿರಸಿಯ ತಂಪು ರಾತ್ರಿಗಳಲ್ಲಿ ಬಣ್ಣ ಕರಾವಳಿಗಿಂತ ಗಾಢವಾಗಿ ಬರುವುದು ಸಹಜ.

ಗೊಂಚಲನ್ನು ಒಣಗಿಸಿಡುವವರು ಬಣ್ಣ ಪೂರ್ತಿ ಏರಿದ ದಿನ, ಇಬ್ಬನಿ ಆರಿದ ಮೇಲೆ ಕತ್ತರಿಸಿ, ಹತ್ತು ಹನ್ನೆರಡು ಕಡ್ಡಿಗಳ ಸಣ್ಣ ಕಟ್ಟು ಮಾಡಿ, ಗಾಳಿಯಾಡುವ ನೆರಳಲ್ಲಿ ತಲೆಕೆಳಗಾಗಿ ತೂಗುಹಾಕಿ. ಎರಡು ವಾರ ಸಾಕು. ಏಪ್ರಿಲ್ ಮುಗಿಯುವುದರೊಳಗೆ ಈ ಕೆಲಸ ಆಗಬೇಕು, ಮೇ ತಿಂಗಳ ಜಿಗುಟು ಸೆಖೆಯಲ್ಲಿ ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ.